ತೆರೆಯ ಹಿಂದಿನ ಹಾಡು

ನಾಟಕವು ದೃಶ್ಯಕಾವ್ಯವೆಂದು ಶಾಲೆಯಲ್ಲಿ 30 ವರ್ಷ ಪಾಠ ಹೇಳಿದವನು ನಾನು. ಆದುದರಿಂದ ಮಗನು ಕಾಳಿದಾಸನ ಶಾಕುಂತಲದ ಧ್ವನಿಮುದ್ರಿಕೆಯನ್ನು ತಂದುಕೊಟ್ಟಾಗ, ‘ಕಣ್ಣಿಗೆ ಕಾಣದ ನಾಟಕವೆಂತಹುದು?’ ಎಂದು ನಕ್ಕೆನು. ಈಗ ರಾತ್ರಿ ಊಟವಾದ ಮೇಲೆ ಅದನ್ನು ಕೇಳದೆ ನಿದ್ರೆ ಬಾರದು.

ಐದನೆಯ ಅಂಕದ ಮೊದಲಿನಲ್ಲಿ ಹಂಸಪದಿಕೆಯು ಹಾಡುವಳು. ಆಕೆ ರಂಗಕ್ಕೆ ಬರುವುದಿಲ್ಲ, ದನಿಯೊಂದೇ ಕೇಳಿಬರುವುದು. ಶಾಪದಿಂದ ಶಕುಂತಲೆಯನ್ನು ಮರೆತಿರುವ ದುಷ್ಯಂತನು, ಅಗಲಿದವರಾರೂ ಇಲ್ಲದಿದ್ದರೂ ಮನಸ್ಸೇಕೆ ಕಳವಳಿಸುತ್ತಿದೆಯೆಂದು ಬೆರಗಾಗುವನು. ಇದನ್ನು ಎಷ್ಟೋ ಸಲ ವ್ಯಾಕರಣಸಹಿತವಾಗಿ ವಿವರಿಸಿದ್ದೆನು, ಅರಿತಿರಲಿಲ್ಲ.

ನನ್ನ ಸಹಧರ್ಮಿಣಿಯು ಅಡಿಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ನಾನು ಪುಸ್ತಕದಿಂದ ತಲೆಯೆತ್ತುತ್ತಿರಲಿಲ್ಲ. ಆಕೆ ತೀರಿಕೊಂಡು 2 ವರ್ಷಗಳಾದುವು. ಹಂಸಪದಿಕೆಯ ಹಾಡು ಬಂದಾಗಲೆಲ್ಲ ಈಗ ಅಡಿಗೆಮನೆಯ ಕಡೆಗೆ ಕಿವಿಗೊಡುವೆನು.

ವಾಚಕಮಹಾಶಯರೇ, ಮನೆಯೊಳಗಿನ ಹಾಡನ್ನು ಅದು ನಿಲ್ಲುವ ಮುನ್ನವೇ ಕೇಳಿರಿ.