ಇಬ್ಬರಿಗೆ ಎರಡು ದಿನ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಂಪತಿಗಳ ಪ್ರವಾಸಗಳನ್ನು ಲೆಕ್ಕ ಹಾಕಿದರೆ ಒಂದು ಸೋಜಿಗ ಬೆಳಕಿಗೆ ಬರುತ್ತದೆ. ಮುಡಿಪು ಒಪ್ಪಿಸಲು ತಿರುಪತಿಗೆ ಹೋದಾಗ ಅತ್ತೆ ಮಾವಂದಿರು ಜೊತೆಗಿದ್ದರು. ಮೈಸೂರಿನ ದಸರೆಗೆ ಹೋದಾಗ ಮಕ್ಕಳಿದ್ದರು. ಮಿಕ್ಕದ್ದೆಲ್ಲ ನಂಟರಿಷ್ಟರ ಮದುವೆ, ಮುಂಜಿ, ಗೃಹಪ್ರವೇಶ. ಇಬ್ಬರೇ ಹೊರಟದ್ದು ಎಂದು? ಪತಿರಾಯರು ಸೂರಿನ ಕಡೆ ನೋಡುತ್ತಾರೆ. ಗೃಹಿಣಿ ನಕ್ಕು ಸುಮ್ಮನಾಗುತ್ತಾಳೆ. ಆ ನಗುವಿನ ಹಿಂದೆ ಒಂದು ಅಳುಕೂ ಇಲ್ಲದಿಲ್ಲ. ಮಕ್ಕಳ ಓದು, ಮನೆಯ ಖರ್ಚು, ಹಿರಿಯರ ಔಷಧಿ, ಇವಿಷ್ಟನ್ನು ಬಿಟ್ಟರೆ ಇಬ್ಬರ ನಡುವೆ ಆಡಲು ಮಾತು ಉಳಿದಿದೆಯೆ?

ಇಂಥವರು ವಿವಾಹದ ವಾರ್ಷಿಕೋತ್ಸವ ವಾರದ ಕೊನೆಗೆ ಬಿದ್ದ ವರ್ಷ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಘಟ್ಟ ಇಳಿದುಬಿಡುವುದು ಲೇಸು. ಎರಡು ದಿನದಲ್ಲಿ ನಾಲ್ಕು ಊರೆಂದರೆ ಓಟದಂತೆ ಕೇಳೀತು. ಆದರೆ ಉಡುಪಿಗೂ ಮಣಿಪಾಲಕ್ಕೂ ನಡುವೆ ಇರುವುದು ಐದೇ ಕಿಲೋಮೀಟರು. ಕಾಪು ಹದಿಮೂರರ ಆಸುಪಾಸು. ದೂರದ ಕಾರ್ಕಳವೂ ನಲವತ್ತರೊಳಗೆ. ಕಾರ್ಕಳದಿಂದಲೇ ಆರಂಭಿಸುವುದು ಜಾಣತನ, ಅದೂ ಬಂಡೆ ಕಾಯುವ ಮೊದಲೇ.

ಕರಿಗಲ್ಲಿನ ಬೆಟ್ಟದ ಮೆಟ್ಟಿಲೇರಿ ಪ್ರಾಕಾರದೊಳಗೆ ಕಾಲಿಟ್ಟೊಡನೆ 42 ಅಡಿಯ ಬಾಹುಬಲಿ ಎದುರು ನಿಲ್ಲುತ್ತಾನೆ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ಇವನನ್ನು ಪ್ರತಿಷ್ಠಾಪಿಸಿದ. ಶ್ರವಣಬೆಳಗೊಳದ ಗೊಮ್ಮಟ ತಾನು ನಿಂತ ಬೆಟ್ಟದ ಬಂಡೆಯಲ್ಲೇ ಮೂಡಿದವನು; ಕಾರ್ಕಳದವನು ಬೇರೆಡೆ ರೂಪುಗೊಂಡು ಬೆಟ್ಟವೇರಿ ಬಂದವನು. ಇಪ್ಪತ್ತು ಗಾಲಿಗಳ ಬಂಡಿಯ ಮೇಲೆ ಅವನನ್ನು ಎಳೆದು ತಂದ ಬಗೆಯನ್ನು ಹದಿನೇಳನೆಯ ಶತಮಾನದ ಕವಿ ಚಂದ್ರಮ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸಿದ್ದಾನೆ.

ಇಷ್ಟು ತಿಳಿದೊಡನೆ ಪತಿರಾಯರು ಲೆಕ್ಕಕ್ಕೆ ಇಳಿಯುತ್ತಾರೆ: ಎಷ್ಟು ಹಗ್ಗ, ಎಷ್ಟು ಆಳು, ಇಳಿಜಾರಿನಲ್ಲಿ ಬಂಡಿ ಹಿಂದಕ್ಕೆ ಜಾರದಂತೆ ತಡೆದವರಾರು? ಗೃಹಿಣಿಯ ಪ್ರಶ್ನೆ ಒಂದೇ: ಕೆತ್ತಿದವನು ಏನಾದ? ಉತ್ತರ ಶಾಸನದಲ್ಲಿಲ್ಲ, ತುಳುವರ ಪಾಡ್ದನದಲ್ಲಿದೆ. ಇಂಥ ಇನ್ನೊಂದು ಮೂರ್ತಿ ಬೇರೆಲ್ಲೂ ಏಳಬಾರದೆಂದು ಅರಸ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಕಲ್ಕುಡ ಛಲ ಬಿಡದೆ ಉಳಿದ ಒಂದೇ ಕೈಯಿಂದ ವೇಣೂರಿನ ಗೊಮ್ಮಟನನ್ನು ಕಡೆದನಂತೆ. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿದಳಂತೆ. ವೇಣೂರಿನ 35 ಅಡಿಯ ಮೂರ್ತಿ ನಿಂತದ್ದು 1604ರಲ್ಲಿ. ಎರಡಕ್ಕೂ ನಡುವೆ ನೂರೆಪ್ಪತ್ತು ವರ್ಷಕ್ಕೂ ಮೀರಿದ ಅಂತರವಿರುವಾಗ ಒಬ್ಬನೇ ಶಿಲ್ಪಿ ಹೇಗಾದಾನು ಎಂದು ಪತಿರಾಯರು ಕೇಳುವುದು ನ್ಯಾಯವೇ. ಆದರೂ ಅಣ್ಣತಂಗಿಯರಿಬ್ಬರೂ ದೈವಗಳಾಗಿ ತುಳುನಾಡಿನಲ್ಲಿ ಇಂದಿಗೂ ಆರಾಧನೆ ಪಡೆಯುತ್ತಿದ್ದಾರೆಂಬುದು ಗೃಹಿಣಿಯ ಪಕ್ಷಕ್ಕೆ ಸಾಕಷ್ಟು ಬಲವಾದ ಸಾಕ್ಷಿ. ಈ ವಾದ ಬೆಟ್ಟದ ಮೆಟ್ಟಿಲು ಇಳಿದರೂ ಮುಗಿಯುವುದಿಲ್ಲ. ಮಾತು ಉಳಿದಿದೆಯೆ ಎಂಬ ಅಳುಕು ಅಲ್ಲಿಗೆ ತೀರಿತು!

ಸಮೀಪದ ಗುಡ್ಡದ ಮೇಲಿನ ಚತುರ್ಮುಖ ಬಸದಿಯನ್ನು ಬಿಟ್ಟು ಬರಲಾಗದು. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ ಈ ಬಸದಿಗೆ 108 ಕಂಬಗಳು, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವುದರೆದುರು ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಅದೇ ಶಾಂತ ಮುದ್ರೆಯಲ್ಲಿ ಕಾಣುತ್ತಾರೆ.

ಕಾಪುವಿಗೆ ಹೆದ್ದಾರಿಯನ್ನೇ ನೆಚ್ಚದೆ ಬೆಳ್ಮಣ್ಣು, ಶಿರ್ವದ ಹಾದಿ ಹಿಡಿದರೆ ನಡುವೆ ಶಂಕರಪುರ ಸಿಗುತ್ತದೆ. ಉಡುಪಿ ಮಲ್ಲಿಗೆಯ ತವರು ಇದು. ಬೆಳಕು ಹರಿಯುವಾಗ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಚಿನ್ನಕ್ಕಿರುವಂತೆ ಇದಕ್ಕೂ ದಿನದಿನದ ದರವಿದೆ. ಮದುವೆಯ ಕಾಲದಲ್ಲಿ ಅದು ಗಗನಕ್ಕೇರುತ್ತದೆ. ಕರಾವಳಿಯಲ್ಲಿ ಮದುಮಗಳ ಜಡೆಗೆ ಈ ಹೂವೇ ಆಗಬೇಕು. ಇಪ್ಪತ್ತೈದು ವರ್ಷದ ಮೇಲೆ ಅಟ್ಟೆಯಷ್ಟು ಬೇಡವೆಂದು ಗೃಹಿಣಿ ತಡೆದಾಳು. ಒಂದು ಚೆಂಡನ್ನಾದರೂ ಕೊಳ್ಳದ ಪತಿಗೆ ಕ್ಷಮೆಯಿಲ್ಲ.

ಮಧ್ಯಾಹ್ನದ ಮೊಗ್ಗು ಸಂಜೆಗೆ ಅರಳುವ ಹೊತ್ತಿಗೆ ಕಾಪುವಿನ ಕಡಲತೀರದಲ್ಲಿರಬೇಕು. ಮೂರು ಮಾರಿಗುಡಿಗಳ ಊರಿದು. ತೀರದ ಹೆಬ್ಬಂಡೆಯ ಮೇಲೆ 1901ರಿಂದಲೂ ನಾವಿಕರಿಗೆ ದಾರಿ ತೋರುತ್ತ ನಿಂತಿರುವ ದೀಪಸ್ತಂಭದ ಎತ್ತರ ಸುಮಾರು 27 ಮೀಟರು. ಸಂಜೆಯ ಹೊತ್ತು ಪ್ರವಾಸಿಗರನ್ನು ಮೇಲಕ್ಕೆ ಬಿಡುವುದುಂಟು. ಒಳಗಿನ ಸುರುಳಿ ಮೆಟ್ಟಿಲು ಇಬ್ಬರು ಜೊತೆಯಾಗಿ ಹತ್ತುವಷ್ಟು ಅಗಲವಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ. ಮಂಡಿನೋವಿದ್ದವರು ಬಂಡೆಯ ಮೇಲೆಯೇ ಕುಳಿತರೆ ನಷ್ಟವೇನೂ ಇಲ್ಲ, ಸೂರ್ಯ ಮುಳುಗುವುದು ಇಬ್ಬರಿಗೂ ಅದೇ ಕಡಲಿನಲ್ಲಿ. ಮಳೆಗಾಲದಲ್ಲಿ ಮಾತ್ರ ಬಂಡೆಯ ಬಳಿ ನೀರಿಗಿಳಿಯುವ ಸಾಹಸ ಸಲ್ಲದು.

ಭಾನುವಾರದ ಮುಂಜಾವು ಉಡುಪಿಯದು. ಜನಸಂದಣಿ ಏರುವ ಮೊದಲು ರಥಬೀದಿಯನ್ನು ಒಂದು ಸುತ್ತು ಬಂದರೆ ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳೂ ಮಧ್ವಾಚಾರ್ಯರ ಪರಂಪರೆಯ ಅಷ್ಟಮಠಗಳೂ ಕಣ್ಣಿಗೆ ಬೀಳುತ್ತವೆ. ಎಂಟು ಮಠಗಳು ಎರಡೆರಡು ವರ್ಷದಂತೆ ಸರದಿಯಲ್ಲಿ ಪೂಜೆಯ ಹೊಣೆ ಹೊರುವ ಪರ್ಯಾಯ ಪದ್ಧತಿ ವಾದಿರಾಜರ ಕಾಲದಿಂದ ನಡೆದುಬಂದಿದೆ. ಶ್ರೀಕೃಷ್ಣನ ವಿಗ್ರಹವೂ ಹೊರಗಿನಿಂದಲೇ ಬಂದದ್ದು; ದ್ವಾರಕೆಯ ಹಡಗಿನಲ್ಲಿ ಗೋಪೀಚಂದನದ ಗಡ್ಡೆಯೊಳಗೆ ಅಡಗಿ ಮಲ್ಪೆಯ ಕಡಲನ್ನು ಸೇರಿತೆಂದು ಐತಿಹ್ಯ. ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಲ್ಲಿ ದರ್ಶನ. ಸಾಲಿನಲ್ಲಿ ಜೋಡಿಯಾಗಿ ನಿಂತವರೂ ಕಿಂಡಿಯ ಮುಂದೆ ಒಬ್ಬೊಬ್ಬರಾಗಿಯೇ ಬಗ್ಗಬೇಕು.

ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಕಥೆ ಎಲ್ಲರೂ ಬಲ್ಲದ್ದು. ದಂಪತಿಗಳು ನೋಡಬೇಕಾದದ್ದು ವಿಜಯನಾಥ ಶೆಣೈಯವರ ಹಸ್ತಶಿಲ್ಪ. ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳ ತೊಲೆ, ಕಂಬ, ಬಾಗಿಲುವಾಡಗಳನ್ನು ಬಿಚ್ಚಿ ತಂದು ಅವರು ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ ಒಂದೆಡೆ, ಮುಧೋಳದ ಅರಮನೆಯ ದರ್ಬಾರು ಇನ್ನೊಂದೆಡೆ. ಶೆಣೈಯವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಪ್ರವೇಶದ ವೇಳೆಯನ್ನು ಮುಂಚೆಯೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಚೌಕಿಮನೆಯ ಅಂಗಳದಲ್ಲಿ ಗೃಹಿಣಿ ಕೊಂಚ ಹೆಚ್ಚು ಹೊತ್ತು ನಿಂತರೆ ಅವಸರಪಡಿಸಬಾರದು. ಹುಟ್ಟಿದ ಮನೆಯಿಂದ ಎದ್ದು ಬಂದು ಇನ್ನೊಂದು ನೆಲದಲ್ಲಿ ಕಂಬದಂತೆ ನಿಂತವಳಿಗೆ ಈ ಮನೆಗಳ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪತಿರಾಯರು ಅಲ್ಲಿಯೂ ತೊಲೆಯ ತೂಕ ಲೆಕ್ಕ ಹಾಕುತ್ತಿದ್ದರೆ ಹಾಕಲಿ.

ರಾತ್ರಿಯ ಬಸ್ಸಿಗೆ ಇನ್ನೂ ವೇಳೆಯಿದ್ದರೆ ಉಡುಪಿಗೆ ಮರಳಿ, ತಮ್ಮಲ್ಲೇ ಹುಟ್ಟಿತೆಂದು ಊರವರು ಅಭಿಮಾನದಿಂದ ಹೇಳುವ ಗಡ್‌ಬಡ್ ಐಸ್‌ಕ್ರೀಮನ್ನು ತರಿಸಬಹುದು. ಲೋಟ ಉದ್ದನೆಯದು, ಒಂದಕ್ಕೆ ಎರಡು ಚಮಚ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.