ಸೇರಿನ ಮೇಲೊಂದು ಹಿಡಿ ಕೊಸರು

ಕಾರ್ತಿಕ ಮಾಸ ಕೊನೆಗೊಳ್ಳುತ್ತ ಬಂದಂತೆ ಬೆಂಗಳೂರಿನ ಬಸವನಗುಡಿಯ ಗಾಳಿಯಲ್ಲಿ ಹೊಸದೊಂದು ಪರಿಮಳ ಬೆರೆಯುತ್ತದೆ. ಗಾಂಧಿ ಬಜಾರಿನ ಮಲ್ಲಿಗೆಯದಲ್ಲ, ಹೋಟೆಲುಗಳ ಕಾಫಿಯದೂ ಅಲ್ಲ. ಬಾಣಲೆಯ ಬಿಸಿ ಮರಳಿನಲ್ಲಿ ಹೊರಳಾಡುವ ಕಡಲೆಕಾಯಿಯದು. ಆ ಪರಿಮಳ ಮೂಗಿಗೆ ತಾಕಿದೊಡನೆಯೇ ಮನೆಮನೆಯಲ್ಲಿ ಕೈಚೀಲಗಳ ಶೋಧ ಆರಂಭವಾಗುತ್ತದೆ. ಪರಿಷೆ ಬಂದಿತೆಂದು ಯಾರೂ ಯಾರಿಗೂ ಹೇಳಬೇಕಾದ್ದಿಲ್ಲ.

ಪರಿಷೆಯ ಮುಖ್ಯ ದಿನ ಕಾರ್ತಿಕದ ಕಡೆಯ ಸೋಮವಾರ. ಆದರೆ ಅದರ ಹಿಂದುಮುಂದಿನ ದಿನಗಳಲ್ಲಿಯೂ ರಾಮಕೃಷ್ಣ ಆಶ್ರಮದ ವೃತ್ತದಿಂದ ದೊಡ್ಡ ಬಸವನ ಗುಡಿಯವರೆಗೆ ರಸ್ತೆಯ ಎರಡು ಮಗ್ಗುಲಲ್ಲಿಯೂ ಕಡಲೆಕಾಯಿಯ ರಾಶಿಗಳೇ. ಹಸಿಯದು, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ನಡುನಡುವೆ ಕಡಲೆಪುರಿ, ಬತ್ತಾಸು, ಬಳೆ, ಪೀಪಿ. ಮೋಟಾರುಗಳ ಆರ್ಭಟಕ್ಕೆ ಒಗ್ಗಿಹೋದ ರಸ್ತೆ ಆ ಕೆಲವು ದಿನ ಕಾಲ್ನಡಿಗೆಯವರ ಪಾಲಾಗುತ್ತದೆ.

ಗುಡಿಯ ಒಳಗೆ ಎಣ್ಣೆಯ ಲೇಪದಿಂದ ಕಪ್ಪಾಗಿ ಹೊಳೆಯುವ ಏಕಶಿಲೆಯ ಬಸವ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ, ಗಂಭೀರನಾಗಿ ಮಲಗಿದ್ದಾನೆ. ಈ ಗುಡಿಯನ್ನು ಕಟ್ಟಿಸಿದವನು ಕೆಂಪೇಗೌಡನೆಂಬುದು ಜನರ ನಂಬಿಕೆ. ಹಿಂದೆ ಇಲ್ಲಿ ಸುಂಕೇನಹಳ್ಳಿಯೆಂಬ ಊರಿತ್ತು. ಸುತ್ತಲೂ ಕಡಲೆಕಾಯಿಯ ಹೊಲಗಳು. ರಾತ್ರಿಯ ವೇಳೆ ಬಸವನೊಂದು ಬಂದು ಬೆಳೆಯನ್ನೆಲ್ಲ ಮೇದುಹೋಗುತ್ತಿತ್ತಂತೆ. ಕಾದುನಿಂತು ಸೋತ ರೈತರು ಕಡೆಗೆ ಬಸವನಿಗೇ ಶರಣಾಗಿ, ಮೊದಲ ಫಸಲನ್ನು ನಿನಗೇ ಒಪ್ಪಿಸುತ್ತೇವೆಂದು ಹರಕೆ ಹೊತ್ತರಂತೆ. ಹೊಲಗಳು ಹೋದವು. 1898ರಲ್ಲಿ ನಗರಕ್ಕೆ ಪ್ಲೇಗು ಬಂದ ಮೇಲೆ ಜನ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಂದು ನೆಲೆಸಿದ ಬಡಾವಣೆಗಳಲ್ಲಿ ಬಸವನಗುಡಿಯೂ ಒಂದಾಯಿತು. ಈಗ ಇಲ್ಲಿ ಒಂದು ಬುಡ ಕಡಲೆಯ ಗಿಡವೂ ಬೆಳೆಯುವುದಿಲ್ಲ; ಹರಕೆ ಮಾತ್ರ ತಪ್ಪಿಲ್ಲ.

ಈ ಕಾಯಿಯಾದರೂ ಎಲ್ಲಿಯದು? ಅದರ ತವರು ದಕ್ಷಿಣ ಅಮೆರಿಕ. ಯೂರೋಪಿನ ನಾವಿಕರು ಕಡಲಿನ ದಾರಿಗಳನ್ನು ಕಂಡುಕೊಂಡ ಅನಂತರವೇ ಅದು ಭಾರತದ ಮಣ್ಣನ್ನು ಸೇರಿದ್ದು. ಅದು ಬೆಳೆಯುವ ಬಗೆಯೂ ವಿಚಿತ್ರ. ಹಳದಿಯ ಪುಟ್ಟ ಹೂವು ಬಿಡುವುದು ನೆಲದ ಮೇಲೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಹೊರಟ ಎಳೆಯೊಂದು ಬಾಗಿ ಮಣ್ಣನ್ನು ಹೊಕ್ಕು, ಕತ್ತಲೆಯಲ್ಲಿ ಕಾಯಾಗುತ್ತದೆ. ಆಡಂಬರವಿಲ್ಲದ ಈ ಬೆಳೆಗೆ ಬಡವರ ಬಾದಾಮಿಯೆಂಬ ಹೆಸರು ಸುಮ್ಮನೆ ಬಂದದ್ದಲ್ಲ.

ವರ್ಷದ ಯಾವ ದಿನವಾದರೂ ಯಾವ ಅಂಗಡಿಯಲ್ಲಾದರೂ ದೊರೆಯುವ ಈ ವಸ್ತುವಿಗಾಗಿ ಲಕ್ಷಾಂತರ ಜನ ನೂಕುನುಗ್ಗಲಿನಲ್ಲಿ ಬಂದು ನಿಲ್ಲುವುದೇಕೆ? ಸುಲಿದು, ಹುರಿದು, ಪೊಟ್ಟಣ ಕಟ್ಟಿದ ಬೀಜವನ್ನು ಬಾಯಿಗೆಸೆದುಕೊಳ್ಳಲು ಯಾರ ಜೊತೆಯೂ ಬೇಡ. ಸಿಪ್ಪೆಯ ಕಾಯಿಯ ರೀತಿಯೇ ಬೇರೆ. ಅದಕ್ಕೆ ಎರಡು ಕೈಗಳೂ ಬೇಕು, ಕೂರಲು ಒಂದು ಜಾಗ ಬೇಕು, ನಡುವೆ ಹರಡಲು ಒಂದು ಹಳೆಯ ಪತ್ರಿಕೆ ಬೇಕು. ಕೈಗಳು ಬಿಡುವಿಲ್ಲದೆ ಸುಲಿಯುತ್ತಿರುವಾಗ ಬಾಯಿ ತಾನಾಗಿಯೇ ಮಾತಿಗೆ ತೆರೆದುಕೊಳ್ಳುತ್ತದೆ. ಗುಡಿಯ ಹಿಂದಿನ ಕಹಳೆ ಬಂಡೆಯ ಮೇಲೆ ಸಂಜೆ ಗುಂಪುಗುಂಪಾಗಿ ಕುಳಿತ ಸಂಸಾರಗಳನ್ನು ಕಂಡರೆ ಈ ಮಾತು ತಿಳಿಯುತ್ತದೆ.

ಪರಿಷೆಗೆ ಪ್ರತಿವರ್ಷವೂ ತಪ್ಪದೆ ಬರುವವರಲ್ಲಿ ಸಮೀಪದ ಬೀದಿಯ ನಿವೃತ್ತ ಗುಮಾಸ್ತರೊಬ್ಬರು. ಅವರ ಕೊಳ್ಳುವಿಕೆ ಎಂದೂ ಎರಡು ಸೇರೇ; ಕೊಳ್ಳುವುದು ಆಲದ ಮರದ ಬಳಿ ಕೂರುವ ಒಬ್ಬಳೇ ಹೆಂಗಸಿನಲ್ಲಿ. ಚೌಕಾಸಿಯ ಅಧಿಕಾರ ಅವರದಾಗಿರಲಿಲ್ಲ. ಅದು ಅವರ ಹೆಂಡತಿಯದು. ಆಕೆ ಬೆಲೆಯಲ್ಲಿ ಒಂದು ಕಾಸನ್ನೂ ಕಡಿಮೆ ಕೇಳುತ್ತಿರಲಿಲ್ಲ. ಆದರೆ ಅಳತೆ ಮುಗಿದ ಮೇಲೆ ಸೆರಗೊಡ್ಡಿ, "ಕೊಸರು ಹಾಕಮ್ಮ" ಎಂದು ನಿಲ್ಲುತ್ತಿದ್ದಳು. ಕೊಸರಿಗಾಗಿ ಇಬ್ಬರ ನಡುವೆ ನಡೆಯುತ್ತಿದ್ದ ವಾಗ್ವಾದ ಪರಿಷೆಯ ಗದ್ದಲವನ್ನೂ ಮೀರಿಸುತ್ತಿತ್ತು. ಗೆದ್ದ ಒಂದು ಹಿಡಿ ಕಾಯನ್ನು ಆಕೆ ಚೀಲಕ್ಕೆ ಬೆರೆಸದೆ, ಬಂಡೆಯ ಮೇಲೆ ಕುಳಿತು ಗಂಡನೊಡನೆ ಸುಲಿದು ತಿಂದೇ ಮನೆಗೆ ಹೊರಡುತ್ತಿದ್ದಳು.

ಒಂದು ವರ್ಷ ಅವರು ಒಬ್ಬರೇ ಬಂದರು. ಹೆಂಗಸು ಸೇರನ್ನು ಕೈಗೆತ್ತಿಕೊಂಡು, "ಅಮ್ಮಾವ್ರು ಹಿಂದೆ ಬರ್ತಾವ್ರಾ ಸ್ವಾಮಿ?" ಎಂದು ಕೇಳಿದಳು. ಅವರು ತಲೆಯಾಡಿಸಿದರು. ಅದರ ಅರ್ಥ ಅವಳಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಬಳಿಕ ಮಾತಿಲ್ಲದೆ ಎರಡು ಸೇರು ಅಳೆದಳು. ಅವರು ಹಣ ಕೊಟ್ಟು ಚೀಲದ ಬಾಯಿ ಕಟ್ಟಿದರು. ಕೊಸರು ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಹೊರಟವರನ್ನು ಅವಳೇ ಕೂಗಿ ನಿಲ್ಲಿಸಿದಳು.

"ಕೊಸರು ಬಿಟ್ಟು ಹೋಗ್ತೀರಲ್ಲ ಸ್ವಾಮಿ. ಅಮ್ಮಾವ್ರು ಕಂಡ್ರೆ ಸುಮ್ನಿರ್ತಿದ್ರಾ?"

ಅವಳು ಹಿಡಿಯಲ್ಲ, ಬೊಗಸೆ ತುಂಬ ಕೊಟ್ಟಳು. ಚೀಲ ಕಟ್ಟಿಯಾಗಿತ್ತು; ಅವರು ಅಂಗಿಯ ಎರಡು ಜೇಬುಗಳನ್ನೂ ತುಂಬಿಕೊಂಡು ಬಂಡೆಯ ಕಡೆಗೆ ನಡೆದರು. ಅಲ್ಲಿ ಬಹಳ ಹೊತ್ತು ಕುಳಿತಿದ್ದರು. ಪಕ್ಕದಲ್ಲಿ ಆಡುತ್ತಿದ್ದ ಯಾರದೋ ಮನೆಯ ಮಗು ಬಂದು ಕೈ ಚಾಚಿದಾಗ, ಒಂದೊಂದೇ ಕಾಯನ್ನು ಒಡೆದು ಆ ಪುಟ್ಟ ಅಂಗೈಗೆ ಬೀಜ ಹಾಕತೊಡಗಿದರು. ಮಗುವಿನ ತಾಯಿ ಸಂಕೋಚದಿಂದ ಬಂದು ಕರೆದರೂ ಅದು ಕದಲಲಿಲ್ಲ. ಕಡೆಗೆ ತಾಯಿಯೂ ಅಲ್ಲಿಯೇ ಕುಳಿತಳು. ಜೇಬು ಬರಿದಾಗುವ ವೇಳೆಗೆ ಆಕೆಗೆ ಹೆಂಡತಿಯ ಚೌಕಾಸಿಯ ಕಥೆಯೆಲ್ಲ ತಿಳಿದಿತ್ತು. ಆ ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಅವರು ನಗುತ್ತ ಹೇಳಿದ್ದರು.

ಕೊಸರು ಕೊಟ್ಟವಳ ಪಾಡೇನೂ ಸುಖದ್ದಲ್ಲ. ದೂರದ ಊರಿನಿಂದ ಮೂಟೆ ತಂದು, ರಾತ್ರಿಯೆಲ್ಲ ಆ ಮೂಟೆಗಳಿಗೇ ಒರಗಿ ನಿದ್ರಿಸುವ ಜೀವ ಅದು. ಕಾರ್ತಿಕದ ಬೆಂಗಳೂರಿನಲ್ಲಿ ಮಳೆಯನ್ನು ನಂಬುವಂತಿಲ್ಲ. ಒಂದು ಜೋರು ಮಳೆ ಬಿದ್ದರೆ ಕಾಯಿ ನೆನೆದು ಕಪ್ಪಾಗುತ್ತದೆ, ಬಂಡವಾಳವೂ ಅದರೊಡನೆ ಹೋಗುತ್ತದೆ. ಅವಳ ಮುಂದೆಯೂ ಈಗ ಮೊಬೈಲಿನಿಂದ ಹಣ ಸಲ್ಲಿಸುವ ಚೌಕದ ಚೀಟಿಯನ್ನು ತೂಗುಹಾಕಿದೆ. ಸೇರಿನ ಬೆಲೆ ಪೈಸೆ ತಪ್ಪದೆ ಆ ದಾರಿಯಲ್ಲಿ ಅವಳಿಗೆ ಸೇರುತ್ತದೆ. ಕೊಸರಿಗೆ ಮಾತ್ರ ಇಂದಿಗೂ ಕೈಯೇ ಬೇಕು.

ಪರಿಷೆ ಮುಗಿದ ಮರುದಿನ ಬೆಳಗಿನ ಜಾವ ರಸ್ತೆಯ ತುಂಬ ಸಿಪ್ಪೆ. ಪೌರಕಾರ್ಮಿಕರ ಪೊರಕೆಗಳು ಸರಸರನೆ ಸದ್ದುಮಾಡುತ್ತವೆ. ಊರಿಗೆ ಹೊರಡಲು ಮೂಟೆ ಕಟ್ಟುತ್ತಿರುವ ವ್ಯಾಪಾರಿಗಳು ತಳದಲ್ಲಿ ಉಳಿದ ಕಾಯನ್ನು ಕೊಡವಿ ಅವರ ಮಡಿಲಿಗೆ ಸುರಿಯುತ್ತಾರೆ. ಗುಡಿಸುವವರು ಪೊರಕೆಯನ್ನು ಮರಕ್ಕೆ ಒರಗಿಸಿ, ಚಹಾದ ಲೋಟಗಳನ್ನು ನೆಲಕ್ಕಿಟ್ಟು, ತಾವೀಗ ತಾನೇ ಗುಡಿಸಿದ ಜಾಗದಲ್ಲಿಯೇ ಸುತ್ತ ಕುಳಿತು ಸಿಪ್ಪೆ ಬಿಡಿಸತೊಡಗುತ್ತಾರೆ.