ಮುಳವಾಡದ ಥಂಡಿ ಮತ್ತು ಬಿಳಿಜೋಳದ ತೆನೆ

ಬಿಜಾಪುರದ ಬಿಸಿಲಿನ ಸುದ್ದಿ ನಾಡಿಗೆಲ್ಲ ಗೊತ್ತು. ಅಲ್ಲಿಯ ಚಳಿಯ ಸುದ್ದಿ ಮಾತ್ರ ಆ ಕಡೆಗೆ ಮಗಳನ್ನು ಕೊಟ್ಟವರಿಗೆ, ಆ ಕಡೆಯಿಂದ ಸೊಸೆಯನ್ನು ತಂದವರಿಗೆ ಅಷ್ಟೇ ಗೊತ್ತು! ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರ ಎಂದಾಯಿತು; ಡಿಸೆಂಬರಿನ ಚಳಿ ಮೊದಲಿನಂತೆಯೇ ಇದೆ. ಹಗಲು ಸೆರಗು ತಲೆಯ ಮೇಲೆ ಹೊದೆಯುವಷ್ಟು ಬಿಸಿಲು, ರಾತ್ರಿ ಎರಡು ಕೌದಿ ಸಾಲದಷ್ಟು ಥಂಡಿ. ಕೆಲವು ವರ್ಷ ಬೆಳಗಿನ ಜಾವದ ಉಷ್ಣಮಾನ 10 ಡಿಗ್ರಿಗಿಂತ ಕೆಳಕ್ಕೆ ಇಳಿಯುವುದೂ ಉಂಟು.

ವಿಜಯಪುರದಿಂದ ಹುಬ್ಬಳ್ಳಿ ರಸ್ತೆ ಹಿಡಿದು ಹೊರಟರೆ, ಕೊಲ್ಹಾರದ ಕೃಷ್ಣಾ ಸೇತುವೆ ಬರುವುದಕ್ಕೆ ಮುಂಚೆ ಸಿಗುವ ಊರು ಮುಳವಾಡ. ಸೊಲ್ಲಾಪುರ–ಗದಗ ಮಾರ್ಗದಲ್ಲಿ ಅದೇ ಹೆಸರಿನ ಪುಟ್ಟ ರೈಲು ನಿಲ್ದಾಣವೂ ಇದೆ. ನೋಡಲು ಗೋಳಗುಮ್ಮಟದಂಥ ದೊಡ್ಡ ಕಟ್ಟಡವೇನೂ ಇಲ್ಲಿಲ್ಲ. ಆದರೆ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ಹೊತ್ತು ಮೂಡುವ ಮುಂಚೆ, ಇಲ್ಲಿಯ ಹೊಲದ ಬದುವಿನ ಮೇಲೆ ಒಮ್ಮೆ ನಿಂತು ನೋಡಬೇಕು. ಕರಿ ಎರೆಮಣ್ಣು, ಅದರ ಮೇಲೆ ಆಳೆತ್ತರದ ಜೋಳ, ಎಲೆಎಲೆಗೂ ಇಬ್ಬನಿ. ಹೊಲದೊಳಗೆ ಹತ್ತು ಹೆಜ್ಜೆ ನಡೆದರೆ ಸಾಕು, ಸೀರೆ ಮೊಣಕಾಲಿನವರೆಗೂ ತೊಯ್ದು ತೊಪ್ಪೆಯಾಗುತ್ತದೆ.

ಹಿಮ ಬೀಳುತ್ತದೆಯೇ ಎಂದು ಕೇಳಬೇಡಿ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಕನ್ನಡದವರಿಗೆ ಹತ್ತಿರದಲ್ಲಿ ಹಿಮದ ಪುಡಿ ಕಾಣಬೇಕೆಂದರೆ ಉದಕಮಂಡಲದ ಬೆಟ್ಟಕ್ಕೇ ಹೋಗಬೇಕು. ಅಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗಿ, ಚಹಾ ಗಿಡದ ಚಿಗುರು ಬೆಂಕಿ ತಾಗಿದಂತೆ ಕಂದಿಹೋಗುತ್ತದೆ. ಚಳಿಗೆ ಗಿಡ ಸುಡುವುದೆಂದರೇನು ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಮನೆಯ ಫ್ರಿಜ್ಜಿನ ಮೇಲಂಕಣದಲ್ಲಿ ಕೊತ್ತಂಬರಿ ಸೊಪ್ಪಿನ ಒಂದು ಎಳೆ ಇಟ್ಟು, ಮರುದಿನ ಹೊರಗೆ ತೆಗೆದು ನೋಡಿ. ಮೊದಲು ಗಾಜಿನಂತೆ ಸೆಟೆದಿರುತ್ತದೆ, ಅರ್ಧ ತಾಸಿನಲ್ಲಿ ಕಪ್ಪಾಗಿ ಜೋತುಬೀಳುತ್ತದೆ. ಎಲೆಯೊಳಗಿನ ನೀರು ಮಂಜುಗಡ್ಡೆಯಾಗುವಾಗ ಜೀವಕೋಶಗಳ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಕೋಶದ ಪೊರೆ ಹರಿಯುತ್ತದೆ. ಒಮ್ಮೆ ಹರಿದದ್ದು ಮತ್ತೆ ಕೂಡುವುದಿಲ್ಲ.

ಆದರೆ ಹೆಪ್ಪುಗಟ್ಟದ ಚಳಿಯೂ ಗಿಡಕ್ಕೆ ಏಟು ಕೊಡಬಲ್ಲದು. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುವುದಿಲ್ಲವೇ? ಅಲ್ಲಿ ಮಂಜುಗಡ್ಡೆ ಆಗಿರುವುದಿಲ್ಲ. ಬಿಸಿನಾಡಿನ ಬಾಳೆಗೆ ಸುಮಾರು 12–13 ಡಿಗ್ರಿಗಿಂತ ಕೆಳಗಿನ ತಂಪೇ ಪೆಟ್ಟು. ಮುಳವಾಡದ ಹೊಲದಲ್ಲಿ ನಡೆಯುವುದು ಈ ಎರಡನೆಯ ಬಗೆಯ ಕಥೆ.

ಬಯಲುಸೀಮೆಗೆ ಇಷ್ಟು ಥಂಡಿ ಎಲ್ಲಿಂದ ಬಂತು? ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕೌದಿಯಂತೆ ತಡೆಯುತ್ತದೆ. ಇಲ್ಲಿ ಮಾರ್ಗಶಿರ, ಪುಷ್ಯ ಮಾಸದಲ್ಲಿ ಆಕಾಶ ಶುಭ್ರ, ಗಾಳಿ ಒಣ, ತಡೆಯುವವರಿಲ್ಲ. ಉತ್ತರದ ಗಾಳಿಯೂ ಕೂಡಿಕೊಂಡರೆ ಕೇಳುವುದೇ ಬೇಡ. ತಣ್ಣನೆಯ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಹಾಗಾಗಿ ದಿಬ್ಬದ ಹೊಲಕ್ಕಿಂತ ಹಳ್ಳದ ಬದಿಯ ಹೊಲದಲ್ಲಿ ಚಳಿ ಹೆಚ್ಚು.

ಈ ಚಳಿಯನ್ನೇ ನಂಬಿಕೊಂಡು ಬಂದ ಬೆಳೆ ಹಿಂಗಾರಿ ಬಿಳಿಜೋಳ. ಉತ್ತರಿ, ಹಸ್ತ ಮಳೆಗೆ ಬಿತ್ತುತ್ತಾರೆ. ಆಮೇಲೆ ಹನಿ ಮಳೆ ಇಲ್ಲದಿದ್ದರೂ ಅದು ಬೆಳೆಯುತ್ತದೆ. ಜೋಳ ಇಬ್ಬನಿ ಕುಡಿದು ಬೆಳೀತದ್ರಿ ಎಂದು ಇಲ್ಲಿ ಹೇಳುವುದುಂಟು. ಬೇರು ಕುಡಿಯುವುದು ಎರೆಮಣ್ಣು ಆಳದಲ್ಲಿ ಹಿಡಿದಿಟ್ಟ ತೇವವನ್ನು. ಚಳಿಯ ಉಪಕಾರ ಏನೆಂದರೆ ಆ ತೇವ ಬೇಗ ಆರಿಹೋಗದಂತೆ ಕಾಯುವುದು.

ಹಾಗೆಂದು ಜೋಳ ಚಳಿಯನ್ನು ಎಷ್ಟು ಬೇಕಾದರೂ ತಡೆಯುತ್ತದೆ ಎಂದಲ್ಲ. ಬಿತ್ತಿ ಎಪ್ಪತ್ತು ದಿನಕ್ಕೆ ತೆನೆ ಹೂವಾಗುತ್ತದೆ. ಅದಕ್ಕೂ ಮೊದಲು ತೆನೆಯಿನ್ನೂ ಹೊಡೆಯೊಳಗೆ, ಎಲೆಯ ಮಡಿಲಲ್ಲಿ ಕುಳಿತಿರುವಾಗ, ಪರಾಗ ತಯಾರಾಗುತ್ತಿರುತ್ತದೆ. ಬಸುರಿ ಹೆಂಗಸಿನಂತೆ ಬಲು ನಾಜೂಕಿನ ಕಾಲ ಅದು. ಆಗ ಸಾಲುಸಾಲು ರಾತ್ರಿ 10 ಡಿಗ್ರಿ ಆಸುಪಾಸಿನ ಥಂಡಿ ಬಿದ್ದರೆ ಪರಾಗ ಬರಡಾಗುತ್ತದೆ. ಹೊರಗೆ ನೋಡಿದರೆ ಗಿಡ ಹಸಿರಾಗಿ, ದಂಟು ಬಲವಾಗಿ ಚೆಂದವೇ ಇರುತ್ತದೆ; ತೆನೆ ಕೈಯಲ್ಲಿ ಹಿಡಿದರೆ ಕಾಳಿಲ್ಲದ ಜೊಳ್ಳು. ದನಕ್ಕೆ ಕಣಿಕೆ ಸಿಗುತ್ತದೆ, ಮನೆಗೆ ರೊಟ್ಟಿ ಸಿಗುವುದಿಲ್ಲ. ಸೆಪ್ಟೆಂಬರಿನಲ್ಲಿ ಬಿತ್ತಿದವರ ಜೋಳ ಕಡು ಚಳಿಗೆ ಮುಂಚೆಯೇ ಹೂ ಮುಗಿಸಿರುತ್ತದೆ. ಮಳೆ ತಡವಾಗಿ ಅಕ್ಟೋಬರ್ ಕೊನೆಗೆ ಬಿತ್ತಿದವರದು ನೇರವಾಗಿ ಅದರ ಬಾಯಿಗೆ ಹೋಗುತ್ತದೆ. ಬಿತ್ತುವ ಹೊತ್ತಿನಲ್ಲಿ ಗಂಡಸರು ಅಷ್ಟೇಕೆ ಅವಸರ ಮಾಡುತ್ತಾರೆಂಬುದು ಈಗ ತಿಳಿಯಿತಲ್ಲವೇ?

ಸೊಲ್ಲಾಪುರದ ಹತ್ತಿರದ ಮೊಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ಜೋಳ, ಎಂ 35-1, ಎಷ್ಟೋ ದಶಕಗಳಿಂದ ಈ ಸೀಮೆಯನ್ನು ಬಿಟ್ಟು ಕದಲಿಲ್ಲ. ಮುಂಗಾರಿ ಜೋಳದಲ್ಲಿ ಹೈಬ್ರಿಡ್ ತಳಿಗಳು ಗೆದ್ದವು, ಹಿಂಗಾರಿಯಲ್ಲಿ ಅಷ್ಟು ಸುಲಭವಾಗಿ ಗೆಲ್ಲಲಿಲ್ಲ. ರಾತ್ರಿಯ ಚಳಿಗೆ ಹೈಬ್ರಿಡ್ ತೆನೆಯಲ್ಲಿ ಕಾಳು ಸರಿಯಾಗಿ ಕಟ್ಟುವುದಿಲ್ಲ ಎಂಬುದು ಅದಕ್ಕೊಂದು ಕಾರಣ. ಮಾಲದಂಡಿಯ ರೊಟ್ಟಿಯ ಬಿಳುಪು, ಮೆದು, ಸಿಹಿ ಇನ್ನೊಂದು ಕಾರಣ. ಈ ಎರಡನೆಯದನ್ನು ಅಡಿಗೆಮನೆಯಲ್ಲಿಯೇ ತೀರ್ಮಾನಿಸಿದ್ದು ಎಂದು ನನ್ನ ಗುಮಾನಿ.

ಜೋಳದ ಪಕ್ಕದಲ್ಲೇ ಕಡಲೆ. ಅದಕ್ಕೆ ತಂಪು ಬೇಕು, ಕಡು ಚಳಿ ಬೇಡ. ಹಗಲು ರಾತ್ರಿ ಸೇರಿ ಸರಾಸರಿ 15 ಡಿಗ್ರಿಗಿಂತ ಕಡಿಮೆಯಾದರೆ ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಉತ್ತರ ಹಿಂದೂಸ್ಥಾನದಲ್ಲಿ ಕಡಲೆ ಗಿಡ ಚಳಿ ಹಿಂದೆ ಸರಿಯುವ ತನಕ ಕಾಯುತ್ತ ನಿಲ್ಲಬೇಕು. ನಮ್ಮಲ್ಲಿ ರಾತ್ರಿ ಎಷ್ಟು ಕೊರೆದರೂ ಹಗಲು ಬಿಸಿಲಿದೆಯಲ್ಲ, ಆ ತೊಂದರೆ ಇಲ್ಲ; ಅಣ್ಣಿಗೇರಿ ಕಡಲೆ ಸುಮಾರು ನೂರು ದಿನಕ್ಕೆ ಕೈಗೆ ಬರುತ್ತದೆ. ಕಡಲೆ ಗಿಡದ ಎಲೆಯ ಮೇಲೆ ಹುಳಿ ಒಸರುತ್ತದೆ. ಹಿಂದಿನ ಕಾಲದ ಹೆಣ್ಣುಮಕ್ಕಳು ಸಂಜೆ ಗಿಡದ ಮೇಲೆ ತೆಳು ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿಯೊಂದಿಗೆ ನೆನೆದ ಅದನ್ನು ಹಿಂಡಿ ಕಡಲೆಹುಳಿ ಕೂಡಿಡುತ್ತಿದ್ದರು, ಹೊಟ್ಟೆನೋವಿಗೆ ಮನೆಮದ್ದು. ಬೆರಳು ಮರಗಟ್ಟುವ ಆ ಥಂಡಿಯಲ್ಲಿ ಬಟ್ಟೆ ಹಿಂಡುವುದೆಂದರೇನು ಎಂಬುದನ್ನು ಮಾತ್ರ ಯಾವ ವೈದ್ಯದ ಪುಸ್ತಕವೂ ಹೇಳುವುದಿಲ್ಲ!

ಕುಸುಬಿ ಇವರೆಲ್ಲರಲ್ಲಿ ಗಟ್ಟಿಗಿತ್ತಿ. ಎಳೆಯದಿರುವಾಗ ಎಲೆಗಳನ್ನು ನೆಲಕ್ಕೆ ಹರಡಿಕೊಂಡು ಕೂತುಬಿಡುತ್ತದೆ. ಆ ಸ್ಥಿತಿಯಲ್ಲಿ ಸೊನ್ನೆಗಿಂತ ಕೆಳಗಿನ ಹಿಮವನ್ನೂ ತಡೆಯಬಲ್ಲದು, ಮುಳವಾಡದ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಎದ್ದು ದಂಟು ಬಿಟ್ಟ ಮೇಲೆ ಮಾತ್ರ ಆ ಧೈರ್ಯ ಉಳಿಯುವುದಿಲ್ಲ. ಕೊಯ್ಲನ್ನು ನಸುಕಿನಲ್ಲೇ ಮಾಡುತ್ತಾರೆ, ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ ಎಂದು.

ಈಗ ಮುಳವಾಡದ ಹೆಸರು ಪೇಪರಿನಲ್ಲಿ ಬರುವುದು ಜೋಳಕ್ಕಲ್ಲ, ನೀರಿಗೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರನ್ನು ಮೇಲೆತ್ತಿ ಒಣಭೂಮಿಗೆ ಹರಿಸುವ ಮುಳವಾಡ ಏತ ನೀರಾವರಿ ಯೋಜನೆ ಕೃಷ್ಣಾ ಮೇಲ್ದಂಡೆ ಯೋಜನೆಯ ಒಂದು ಭಾಗ. ಕೊಡ ಹೊತ್ತು ಮೈಲಿಗಟ್ಟಲೆ ನಡೆದವರಿಗೆ ಕಾಲುವೆಯ ನೀರು ಎಂದರೆ ದೇವರು. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನೀರಿನೊಂದಿಗೆ ಬರುವ ಬೆಳೆಗಳೆಲ್ಲ ಬೆಚ್ಚಗಿನ ಮನೆಯಲ್ಲಿ ಬೆಳೆದ ಸೊಸೆಯರಂತೆ. ಬಾಳೆ ಚಳಿಗೆ ಹೊಸ ಎಲೆ ಬಿಡುವುದನ್ನೇ ನಿಧಾನ ಮಾಡುತ್ತದೆ, ಕೆಲವೊಮ್ಮೆ ಗೊನೆ ಪೂರ್ತಿ ಹೊರಬರದೆ ಕುತ್ತಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಬ್ಬಿನ ಬೆಳವಣಿಗೆ ನಿಲ್ಲುತ್ತದೆ. ನಿಂತದ್ದೂ ಒಳ್ಳೆಯದೇ, ಬೆಳೆದಿದ್ದ ಕಬ್ಬಿನಲ್ಲಿ ಸಕ್ಕರೆ ಕೂಡುವುದು ಆಗಲೇ. ದ್ರಾಕ್ಷಿಯದು ದೊಡ್ಡ ಚಿಂತೆ. ಅಕ್ಟೋಬರಿನಲ್ಲಿ ಚಾಟನಿ ಮಾಡಿದ ಬಳ್ಳಿಯಲ್ಲಿ ಡಿಸೆಂಬರ್, ಜನವರಿ ಎಂದರೆ ಕಾಯಿ ಊದುವ ಕಾಲ. ರಾತ್ರಿ ಕೊರೆಯುವ ಚಳಿ, ಹಗಲು ಚುರುಕು ಬಿಸಿಲು ಎಂದಾದರೆ ಹಣ್ಣು ಸೀಳುತ್ತದೆ, ಹಸಿರು ಹಣ್ಣಿಗೆ ಗುಲಾಬಿ ಬಣ್ಣ ಹತ್ತಿ ಬೆಲೆ ಇಳಿಯುತ್ತದೆ. ನಾಸಿಕದ ನಿಫಾಡದ ಕಡೆ ತೋಟಗಳಲ್ಲಿ ನಸುಕಿಗೆ ಬೆಂಕಿ ಹಾಕಿ ಹೊಗೆ ಮಾಡುತ್ತಾರೆ, ಹನಿ ನೀರು ಬಿಡುತ್ತಾರೆ. ಒದ್ದೆ ನೆಲ ಹಗಲಿನ ಕಾವನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ನಿಧಾನವಾಗಿ ಬಿಡುತ್ತದೆ.

ಸಾಲ ಮಾಡಿ ದ್ರಾಕ್ಷಿ ಹಾಕಿದ ಮನೆಯಲ್ಲಿ ಜನವರಿಯ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಜೋಳದ ಮನೆಯವರು ಕೌದಿ ಎಳೆದುಕೊಂಡು ಮಲಗಬಹುದು. ರೊಕ್ಕದ ಲೆಕ್ಕದಲ್ಲಿ ದ್ರಾಕ್ಷಿಯೇ ಮೇಲು, ಒಪ್ಪಿದೆ. ಆದರೂ ನೀರು ಬಂದ ಹೊಲದ ಒಂದು ತುಂಡನ್ನಾದರೂ ಜೋಳ, ಕಡಲೆ, ಕುಸುಬಿಗೆ ಬಿಟ್ಟುಕೊಂಡ ಮನೆ ಜಾಣರ ಮನೆ ಎಂದೇ ನನಗೆ ಅನಿಸುತ್ತದೆ. ಈ ಸೀಮೆಯ ಒಗ್ಗರಣೆಗೆ ಕುಸುಬಿ ಎಣ್ಣೆಯೇ ಮನೆಯ ಎಣ್ಣೆಯಾಗಿತ್ತು. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವುದು ಕಾಳು ತುಂಬುವ ಜೋಳದ ಹೊಲಕ್ಕೆ. ಕಬ್ಬಿನ ಗದ್ದೆಯಲ್ಲಿ ಕೂತು ಉಣ್ಣಲು ಜಾಗವೆಲ್ಲಿದೆ?

ನಮ್ಮಂಥ ಊರುಮನೆಯವರ ಹಿತ್ತಲಿಗೂ ಇದೇ ನಿಯಮ. ಚಳಿಗಾಲದಲ್ಲಿ ತುಳಸಿ ಎಲೆ ಕಪ್ಪಾಗಿ ಉದುರಿದರೆ ಅಪಶಕುನ ಎಂದು ಹೆದರಬೇಡಿ, ಅದಕ್ಕೆ ಥಂಡಿ ತಡೆಯುವುದಿಲ್ಲ ಅಷ್ಟೇ. ರಾತ್ರಿ ಹಳೆಯ ತೆಳು ಸೀರೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ನೀರು ಬೆಳಿಗ್ಗೆ ಹಾಕಿ, ಕುಂಡದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಕಂದಿದ ಟೊಂಗೆಗಳನ್ನು ಸಂಕ್ರಮಣ ಕಳೆದು ಚಿಗುರು ಬರುವ ತನಕ ಕತ್ತರಿಸಬೇಡಿ. ಒಣ ಎಲೆಯೇ ಒಳಗಿನ ಕಾಂಡಕ್ಕೆ ಹೊದಿಕೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ, ಕರಿದರೆ ಕಪ್ಪಾಗುತ್ತದೆ.

ಚಳಿಗಾಲದಲ್ಲಿ ಆ ಕಡೆ ಹೋದರೆ ಸೀತನಿ ತಿನ್ನದೆ ಬರಬೇಡಿ. ಕಾಳು ಹಾಲುತುಂಬಿ ಇನ್ನೂ ಗಟ್ಟಿಯಾಗದ ಹಸಿ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಡಿದು ಕಾಳು ಉದುರಿಸಿ, ಹೊಟ್ಟು ತೂರಿ ಕೊಡುತ್ತಾರೆ. ಜೊತೆಗೆ ಶೇಂಗಾ ಚಟ್ನಿ ಪುಡಿ, ಬೆಲ್ಲದ ಚೂರು. ಕೊಲ್ಹಾರದ ಗಡಿಗೆ ಮೊಸರು ಸಿಕ್ಕರೆ ಇನ್ನೂ ಲೇಸು. ಎಲ್ಲ ಜೋಳವೂ ಸೀತನಿಗೆ ಆಗುವುದಿಲ್ಲ, ಅದಕ್ಕೆ ಬೇರೆ ಸಿಹಿ ತಳಿಯನ್ನೇ ನಾಲ್ಕು ಸಾಲು ಬಿತ್ತಿರುತ್ತಾರೆ. ಊರಿಗೆ ಕಟ್ಟಿಕೊಂಡು ಬರುವ ಆಸೆ ಬೇಡ, ಆರಿದ ಮೇಲೆ ಕಾಳು ರಬ್ಬರಿನಂತಾಗುತ್ತದೆ. ಅಲ್ಲೇ ಬದುವಿನ ಮೇಲೆ ಕೂತು, ಕೈ ಕಾಸಿಕೊಳ್ಳುತ್ತ ತಿನ್ನಬೇಕು.